ಮ್ಯಾಚಿಂಗ್ ಸೆಂಟರಿನ ಶರಣೆ

ಜನವರಿ 11, ಶನಿವಾರ

ಜಯನಗರದಲ್ಲಿ ಡಾ. ಶ್ರೀದೇವಿಯವರ ಕ್ಲಿನಿಕ್ಕಿಗೆ ಹೋಗಿ ಎರಡೂ ತೊಡೆಗೆ ಒಂದೊಂದು ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಇನ್ನು ಹದಿನೈದು ದಿನಕ್ಕೊಂದರಂತೆ ಮನೆಯಲ್ಲೇ ಚುಚ್ಚಿಕೊಳ್ಳಬೇಕಂತೆ. ಏಳನೇ ಕ್ಲಾಸಿನಿಂದ ಕೆರೆದುಕೊಂಡು ಬಂದ ಮೈ ಇದು. ಮುಲಾಮು, ಮಾತ್ರೆ, ಬೇವಿನ ಸೊಪ್ಪಿನ ಸ್ನಾನ, ಯಾರೋ ಹೇಳಿದ ಕತ್ತೆ ಹಾಲು, ಎಲ್ಲ ಮುಗಿದಿದೆ. ಮೊದಲು ಸ್ವಲ್ಪ ಇಳಿದು ಆಮೇಲೆ ಬಡ್ಡಿ ಸಮೇತ ವಾಪಸು ಬರುವುದು ನನ್ನ ಇಸುಬಿನ ಜಾಯಮಾನ.

"ಇದು ಹಳೇ ಔಷಧಿಗಳ ಥರ ಅಲ್ಲ ಮೇಡಂ, ಬಯೋಲಾಜಿಕ್ ಅಂತ," ಎಂದರು ಡಾಕ್ಟರು. "ಕೆಲವರಿಗೆ ಕಣ್ಣು ಕೆಂಪಾಗತ್ತೆ, ಉರಿಯತ್ತೆ, ನೀರು ಸೋರತ್ತೆ. ಹಾಗೇನಾದ್ರೂ ಆದ್ರೆ ತಕ್ಷಣ ನನಗೆ ಹೇಳ್ಬೇಕು. ಜಾಸ್ತಿಯಾದ್ರೆ ಇಂಜೆಕ್ಷನ್ ನಿಲ್ಲಿಸ್ಬೇಕಾಗ್ಬಹುದು. ಮೈಯಲ್ಲಿ ಏನೇ ಬದಲಾವಣೆ ಆದ್ರೂ ಬರೆದಿಟ್ಕೊಳ್ಳಿ."

ಆಯಿತು ಎಂದೆ. ಮೈಯೆಲ್ಲ ಕೆಂಪಾಗಿಯೇ ಬದುಕಿದವಳಿಗೆ ಕಣ್ಣು ಕೆಂಪಾಗುವ ಹೆದರಿಕೆ ತೋರಿಸುತ್ತಾರೆ. ಬರೆಯುವುದಕ್ಕೆ ಚಿಕ್ಕಪೇಟೆಯ ಹೋಲ್‌ಸೇಲ್‌ನವರು ಕೊಟ್ಟ ಈ ಡೈರಿ ಇದೆ. ಪ್ರತಿ ಪುಟದ ಕೆಳಗೂ ಅವರ ಲೈನಿಂಗ್ ಬಟ್ಟೆಯ ಜಾಹೀರಾತು.

ಔಷಧಿಯನ್ನು ಫ್ರಿಜ್ಜಿನಲ್ಲಿಡಬೇಕು. ಅತ್ತೆ ಡಬ್ಬಿಯನ್ನು ದೂರದಿಂದಲೇ ನೋಡಿ, "ಇದು ವೆಜ್ಜಾ?" ಎಂದು ಕೇಳಿದರು. ಹೌದು ಅತ್ತೆ ಎಂದೆ. ಒಳಗಿನ ಚೀಟಿ ಓದಿದರೆ, ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯ ಜೀವಕೋಶದಲ್ಲಿ ಬೆಳೆಸುತ್ತಾರಂತೆ. ಮೊಸರಿನ ಪಾತ್ರೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಗಣಪತಿ ಅಷ್ಟು ದೊಡ್ಡ ಮೈ ಇಟ್ಟುಕೊಂಡು ಇಲಿಯನ್ನು ನಂಬಿದ್ದಾನೆ, ನಾನ್ಯಾಕೆ ನಂಬಬಾರದು?

ಜನವರಿ 25, ಶನಿವಾರ

ಚುಚ್ಚುವ ಕೆಲಸವನ್ನು ಡಾಕ್ಟರು ನನ್ನ ಗಂಡನಿಗೆ ಹೇಳಿಕೊಟ್ಟಿದ್ದರು. ಆಫೀಸಿನಲ್ಲಿ ಇಡೀ ಅಕೌಂಟ್ಸ್ ಸೆಕ್ಷನ್ನನ್ನು ನಡುಗಿಸುವ ಮಹಾಂತೇಶ್ ಅವರು ಸೂಜಿಯ ಮುಚ್ಚಳ ತೆಗೆದವರೇ ಬೆವರಿ, ಮಂಚದ ಮೇಲೆ ಮಲಗಿಬಿಟ್ಟರು. ಅವರಿಗೆ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟು, ಆಮೇಲೆ ನಾನೇ ಚುಚ್ಚಿಕೊಂಡೆ. ತೊಡೆಯ ಮೇಲೆ ಒಂದು ಗುಳ್ಳೆ ಎದ್ದು ಸಂಜೆಯ ಹೊತ್ತಿಗೆ ಇಳಿಯಿತು. ಪಾನಕ ಕುಡಿದವರು ಸಂಜೆಯಾದರೂ ಎದ್ದಿರಲಿಲ್ಲ.

ಫೆಬ್ರವರಿ 9, ಭಾನುವಾರ

ಅಂಗಡಿಯಲ್ಲಿ ಇವತ್ತು ಗ್ಲೌಸು ಹಾಕದೆ ಕೆಲಸ ಮಾಡಿದೆ. ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಉಮಾ ಮ್ಯಾಚಿಂಗ್ ಸೆಂಟರ್ ಎಂದು ಬೋರ್ಡು ಹಾಕಿಸಿದಾಗಿನಿಂದ ಬಿಳಿ ಕಾಟನ್ ಗ್ಲೌಸಿನಲ್ಲೇ ಬ್ಲೌಸ್ ಪೀಸು ಕತ್ತರಿಸಿದವಳು ನಾನು. ಹೊಸ ಗಿರಾಕಿಗಳು ಬಲು ಶುದ್ಧದ ಹೆಂಗಸು ಎಂದುಕೊಳ್ಳುತ್ತಿದ್ದರು. ಒಳಗಿನ ಬಿರುಕು, ರಕ್ತ ಅವರಿಗೇನು ಗೊತ್ತು.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ರ‍್ಯಾಕಿನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದೆ. ಕ್ರೇಪು ಇಷ್ಟು ಜಾರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಿಲ್ಲದ್ದನ್ನೇ ಮಾರಿದ್ದೇನೆ. ತುಂಬ ಖುಷಿಯಾಯಿತು, ಅದನ್ನು ಬೇರೆ ಥರ ಬರೆಯಲು ಬರುವುದಿಲ್ಲ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಇವತ್ತು ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಪೂಜೆ ಮಾಡಿದೆ.

ಬೇರೆ ಮನೆಗಳಲ್ಲಿ ಇದನ್ನು ಯಾರೂ ಬರೆದಿಡುವುದಿಲ್ಲ. ನಮ್ಮಲ್ಲಿ ಪೂಜೆ ಅಂದರೆ ಕೊರಳಲ್ಲಿರುವ ಲಿಂಗವನ್ನು ಕರಡಿಗೆಯಿಂದ ತೆಗೆದು ಅಂಗೈ ಮೇಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಅದರಲ್ಲಿ ಮೂಡುವ ದೀಪದ ಬೆಳಕನ್ನೇ ರೆಪ್ಪೆ ಮಿಟುಕಿಸದೆ ನೋಡುವುದು. ನನ್ನ ಅಂಗೈಯಲ್ಲಿ ನೀರು ಬಿದ್ದರೆ ಉರಿ, ವಿಭೂತಿ ಬಿದ್ದರೆ ಬೆಂಕಿ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಒಂದು ಬೆಳ್ಳಿ ತಟ್ಟೆ ಮುಂದೆ ತಳ್ಳಿ, "ನೀನು ಇದ್ರಲ್ಲಿಟ್ಟು ಮಾಡು," ಎಂದಿದ್ದರು. ಆ ಕೈ ಮುಟ್ಟಿದ ಪ್ರಸಾದವನ್ನು ಅವರು ತೆಗೆದುಕೊಂಡಿಲ್ಲ, ನೀರನ್ನೂ. ಬೈದಿಲ್ಲ, ಜರೆದಿಲ್ಲ. ನನ್ನ ಕೈಯಿಂದ ಲೋಟ ಈಸಿಕೊಳ್ಳುವ ಬದಲು ಮೇಜಿನ ಮೇಲೆ ಬೆರಳು ತೋರಿಸುತ್ತಾರೆ, ನಾನು ಅಲ್ಲಿಡುತ್ತೇನೆ, ಆಮೇಲೆ ಅವರು ಎದ್ದು ಹೋಗಿ ಬೇರೆ ಲೋಟದಲ್ಲಿ ಕುಡಿಯುತ್ತಾರೆ. ಅಂಟುರೋಗವಲ್ಲ ಎಂದು ಅವರ ಮಗ ಎಷ್ಟು ಸಲ ಹೇಳಿದರೂ, "ಗೊತ್ತಪ್ಪ, ನಾನೇನಾದ್ರೂ ಅಂದ್ನಾ?" ಎನ್ನುವರು.

ನನಗೆ ಇಂಥದ್ದರಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆದರೂ ಆ ತಣ್ಣನೆ ಕರಿಯ ಗುಂಡು ಸುಮ್ಮನೆ ಅಂಗೈಯಲ್ಲಿ ಕೂತಾಗ ಪೂಜೆ ಮುಗಿದರೂ ಕೆಳಗಿಡದೆ ಹಿಡಿದುಕೊಂಡಿದ್ದೆ. ಅಳು ಬರಲಿಲ್ಲ. ಅತ್ತೆ ಪಕ್ಕದ ಮಣೆಯಿಂದ ನೋಡಿ "ಹೂಂ" ಎಂದರು.

ಮಾರ್ಚ್ 10, ಸೋಮವಾರ

ಯುಗಾದಿಯ ಸ್ಟಾಕು ಬಂದಿದೆ. ಬಂಡಲ್ ಬಿಚ್ಚಿದರೆ ಧೂಳೋ ಧೂಳು. ಕಣ್ಣೊಳಗೆ ಮರಳು ಹಾಕಿದ ಹಾಗೆ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿತ್ತು, ಬಿಸಿನೀರು ಹಚ್ಚಿ ಬಿಡಿಸಿಕೊಂಡೆ. ಬಟ್ಟೆ ಪ್ಯಾಕ್ ಮಾಡುವವರಿಗೆ ಒಂದು ಚೂರು ಜವಾಬ್ದಾರಿ ಇಲ್ಲ.

ಪೇಪರಿನವರೂ ಇತ್ತೀಚೆಗೆ ಇಂಕು ಉಳಿಸುತ್ತಿದ್ದಾರೆ.

ಮಾರ್ಚ್ 14, ಶುಕ್ರವಾರ

ಅಂಗಡಿಯ ಕಟ್ಟಡದ ಓನರ್ ನಾರಾಯಣಮ್ಮ ದಿನಾ ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಈ ಅಂಗಡಿಯಿರುವ ಜಾಗದಲ್ಲಿ ಅವರ ಹುರುಳಿ ಹೊಲ ಇತ್ತಂತೆ. ಬೆಳೆ ಹೋಗಿ ಬಾಡಿಗೆ ಬಂದರೂ ಉಸ್ತುವಾರಿಯ ಅಭ್ಯಾಸ ಹೋಗಿಲ್ಲ. ಇವತ್ತು ನನ್ನ ಮುಖ ನೋಡಿದವರೇ ಸ್ಟೂಲು ಹತ್ತಿರ ಎಳೆದುಕೊಂಡರು.

"ಏನ್ ಉಮಾ, ಅಳ್ತಿದೀಯಾ?"

"ಇಲ್ಲ ಆಂಟಿ, ಧೂಳು."

"ಧೂಳಾ? ಮೊನ್ನೇನೂ ಧೂಳು, ಇವತ್ತೂ ಧೂಳು. ಮಹಾಂತೇಶಪ್ಪ ಏನಾದ್ರೂ ಮಾಡ್ದಾ? ಹೇಳ್ಬಿಡು. ನೋಡೋಕೆ ಸಾಧು ಥರ ಇರ್ತಾರೆ, ಅಂಥೋರೇ ಜಾಸ್ತಿ. ನಮ್ಮ ಮಗ ಶಶಿಧರನ್ನ ಕಳಿಸಿ ಮಾತಾಡಿಸ್ಲಾ?"

ಸೂಜಿ ನೋಡಿ ಮಲಗುವ ಗಂಡಸನ್ನು ಹೊಡೆಯಲು ಶಶಿಧರನ ಅಗತ್ಯವಿಲ್ಲ ಎಂದು ಹೇಳಬೇಕೆನಿಸಿತು. ಹೋದ ಮೇಲೆ ನಾರಾಯಣಮ್ಮ ಮನೆಯಿಂದ ಒಂದು ಡಬ್ಬಿ ಅವರೆಕಾಳು ಉಸಲಿ ಕಳಿಸಿದರು. ಇಸುಬಿನಿಂದ ನಿದ್ದೆಯಿಲ್ಲದೆ ಸತ್ತು ಬಿದ್ದಿದ್ದ ಕಾಲದಲ್ಲಿ ಒಂದು ಕಾಳೂ ಬಂದಿರಲಿಲ್ಲ.

ಮಾರ್ಚ್ 17, ಸೋಮವಾರ

ಪೂಜೆಯಲ್ಲಿ ದೀಪ ನೋಡಿದೊಡನೆ ಕಣ್ಣಿಂದ ಧಾರಾಕಾರ ನೀರು. ಕೈಯಲ್ಲಿ ಲಿಂಗ ಇದ್ದುದರಿಂದ ಒರೆಸಿಕೊಳ್ಳುವಂತಿರಲಿಲ್ಲ, ಹಾಗೇ ಕೂತಿದ್ದೆ. ಕೆನ್ನೆ ದಾಟಿ ರವಿಕೆ ತೊಯ್ದಿತು. ಅತ್ತೆ ತಮ್ಮ ಪೂಜೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಉಮಾ..."

"ಏನಿಲ್ಲ ಅತ್ತೆ, ಕಣ್ಣು ಉರಿ."

ಅವರು ಬೇರೆಯದೇ ದನಿಯಲ್ಲಿ, "ಉರಿ ಅಲ್ಲ ಕಣೆ, ಭಕ್ತಿ," ಎಂದರು. "ಇಷ್ಟು ವರ್ಷ ಪೂಜೆ ಮಾಡಿದ್ರೂ ನಂಗೆ ಒಂದು ಹನಿ ಬಂದಿಲ್ಲ."

ಉರಿಯೇ ಎಂದು ಇನ್ನೊಮ್ಮೆ ಹೇಳಿದೆ. ಅದು ವಿನಯ ಎಂದಾಯಿತು. ಸಂಜೆಯೊಳಗೆ ಲೇಔಟಿನ ಅಕ್ಕನ ಬಳಗದ ವಾಟ್ಸಾಪ್ ಗ್ರೂಪಿಗೆ ಸುದ್ದಿ ಮುಟ್ಟಿತು. ಹತ್ತೊಂಬತ್ತು ಜನ ಕೈ ಮುಗಿದ ಚಿತ್ರ ಹಾಕಿದರು.

ಮಾರ್ಚ್ 22, ಶನಿವಾರ

ಇಂಜೆಕ್ಷನ್ ಆಯಿತು. ಕ್ಲಿನಿಕ್ಕಿನಿಂದ ಡಾಕ್ಟರೇ ಫೋನು ಮಾಡಿದ್ದರು.

"ಸ್ಕಿನ್ ಹೇಗಿದೆ ಮೇಡಂ?"

"ಹೊಸ ಮೈ ಬಂದಂಗಿದೆ ಡಾಕ್ಟ್ರೇ."

"ಕಣ್ಣು?"

"ಫಸ್ಟ್ ಕ್ಲಾಸ್."

ಧೂಳಲ್ಲ ಎಂದು ನನಗೂ ಗೊತ್ತು, ನಾನೇನು ದಡ್ಡಿಯಲ್ಲ. ಆದರೆ ಹೇಳಿದರೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಮತ್ತೆ ಆ ಹಾಸಿಗೆ, ಚಾದರದ ಮೇಲಿನ ಹೊಟ್ಟು, ರಕ್ತದ ಕಲೆ, ಆ ಬೆಳ್ಳಿ ತಟ್ಟೆ. ಕಣ್ಣು ಅಂದರೆ ಎರಡೇ, ಚರ್ಮ ಮೈತುಂಬ. ಸ್ವಲ್ಪ ನೀರು ಸೋರಿದರೆ ಸೋರಲಿ. ಮೆಡಿಕಲ್ ಶಾಪಿನಿಂದ ಪನ್ನೀರು ತಂದು ಹಚ್ಚುತ್ತಿದ್ದೇನೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೇವು ಬೆಲ್ಲ ಕಲಸಿ ತಟ್ಟೆಯನ್ನು ಎಂದಿನಂತೆ ಮೇಜಿನ ಮೇಲಿಡಲು ಹೋದೆ. ಅತ್ತೆ ಮೇಜಿನ ಕಡೆ ಬೆರಳು ತೋರಿಸಲಿಲ್ಲ. ಕೈ ಚಾಚಿದರು. ನಾನು ಅರ್ಥವಾಗದೆ ನಿಂತಿದ್ದೆ.

"ಕೊಡೇ, ಎಷ್ಟೊತ್ತು ಕೈ ಹಿಡ್ಕೊಂಡಿರ್ಲಿ?"

ಒಂದು ಚಿಟಿಕೆ ತೆಗೆದು ಅವರ ಅಂಗೈಗೆ ಹಾಕಿದೆ. ಬಾಯಿಗೆ ಹಾಕಿಕೊಂಡು ಅಗಿದರು. "ಬೇವು ಜಾಸ್ತಿಯಾಯ್ತು," ಎಂದರು. ಇವರು ಪೇಪರಿನಿಂದ ತಲೆ ಎತ್ತಿ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿ ಮತ್ತೆ ತಲೆ ಒಳಗೆ ಹಾಕಿಕೊಂಡರು.

ಅಡಿಗೆಮನೆಗೆ ಹೋಗಿ ಒಬ್ಬಳೇ ಸ್ವಲ್ಪ ಹೊತ್ತು ನಿಂತೆ. ಎಷ್ಟು ಸಿಟ್ಟು ಬಂತೋ ಅಷ್ಟೇ ಸಂತೋಷವೂ ಆಯಿತು. ನನ್ನ ಅಂಗೈ ವಾಸಿಯಾಗಿ ತಿಂಗಳಾದರೂ ಕೈ ಚಾಚದವರು ಕಣ್ಣೀರು ನೋಡಿದ ಮೇಲೆ ಚಾಚಿದರು. ಇನ್ನು ಈ ಕಣ್ಣನ್ನು ಯಾವ ಡಾಕ್ಟರಿಗೂ ತೋರಿಸುವ ಮಾತೇ ಇಲ್ಲ.

ಏಪ್ರಿಲ್ 6, ಭಾನುವಾರ

ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಅರ್ಧ ಆರಿಸಿದ್ದೇನೆ, ಕರೆಂಟೂ ಉಳಿಯಿತು. ಮೇಲೆ ಒಂದು ಕೂಲಿಂಗ್ ಗ್ಲಾಸು. ನಾರಾಯಣಮ್ಮ ನೋಡಿ, "ಹೊಡೆದ್ನಾ? ಬಾವು ಮುಚ್ಕೊಂಡಿದೀಯಾ?" ಎಂದು ಕನ್ನಡಕ ಕಿತ್ತು ಪರೀಕ್ಷೆ ಮಾಡಿದರು. ಬಾವು ಕಾಣದೆ ಅವರಿಗೆ ಬೇಜಾರಾಯಿತು.

ಈ ವಾರ ಆರು ಬ್ಲೌಸ್ ಪೀಸು ವಾಪಸು ಬಂದವು. ರಾಮಾ ಗ್ರೀನಿಗೆ ನವಿಲು ನೀಲಿ ಕೊಟ್ಟಿದ್ದೇನಂತೆ, ಈರುಳ್ಳಿ ಬಣ್ಣಕ್ಕೆ ಕಾಫಿ ಪುಡಿ. ಡೈ ಮಾಡುವ ಕಂಪನಿಗಳು ಕೆಟ್ಟುಹೋಗಿವೆ. ಒಂದು ಲಾಟಿನಂತೆ ಇನ್ನೊಂದು ಇರುವುದಿಲ್ಲ.

ಏಪ್ರಿಲ್ 10, ಗುರುವಾರ

ಬಳಗದ ಸೆಕ್ರೆಟರಿ ಸತ್ಯಭಾಮಾ ಹನ್ನೊಂದು ಹೆಂಗಸರನ್ನು ಕರೆದುಕೊಂಡು ನನ್ನ ಪೂಜೆ ನೋಡಲು ಬಂದರು. ಎಲ್ಲರಿಗೂ ಸಜ್ಜಿಗೆ. ನಾನೂ ಅತ್ತೆಯೂ ಪೂಜೆಗೆ ಕೂತೆವು. ದೀಪ ಹಚ್ಚಿದ್ದೇ ತಡ, ನೀರು. ಹಿಂದಿನಿಂದ ಯಾರೋ ಬಿಕ್ಕಿದರು. ಆಮೇಲೆ ಒಬ್ಬರು ಕಾಲಿಗೆ ಬಿದ್ದರು. ಬೇಡ ಬೇಡ ಎಂದು ಹಿಂದೆ ಸರಿಯುವಾಗ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಅದನ್ನು ಅಲ್ಲಿ ಯಾರು ತಂದಿಟ್ಟರೋ.

ಬಸವ ಜಯಂತಿಯ ದಿನ ಉತ್ತರಹಳ್ಳಿಯ ಸಮುದಾಯ ಭವನದಲ್ಲಿ ವೇದಿಕೆಯ ಮೇಲೆ ನನ್ನಿಂದ ಪೂಜೆ, ಆಮೇಲೆ ಸನ್ಮಾನ ಎಂದು ಸತ್ಯಭಾಮಾ ತೀರ್ಮಾನಿಸಿದ್ದಾರೆ. "ಶರಣೆ ಉಮಾಮಹೇಶ್ವರಿ ಅಂತ ಬ್ಯಾನರ್ ಹಾಕಿಸ್ತೀವಿ," ಎಂದರು. ಬೇಡವೆನ್ನಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನ ತಟ್ಟೆಯಿಂದ ಸಜ್ಜಿಗೆ ತೆಗೆದುಕೊಂಡು ತಿನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಏಪ್ರಿಲ್ 13, ಭಾನುವಾರ

ಒಂದು ಮಾತು ಯಾರಿಗೂ ಹೇಳಿಲ್ಲ. ಲಿಂಗದಲ್ಲಿ ಮೂಡುವ ದೀಪದ ಸುತ್ತ ಈಗ ಒಂದು ಉಂಗುರ ಕಾಣುತ್ತದೆ. ಏಳು ಬಣ್ಣದ ಬಳೆ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೆ ಸುಮ್ಮನೆ ಯಾರಿಗೂ ಹೀಗೆ ಕಾಣುವುದಿಲ್ಲವಲ್ಲ.

ಹಾಗೆ ನೋಡಿದರೆ ಬೀದಿ ದೀಪದ ಸುತ್ತಲೂ ಇದೆ. ಬಿಎಂಟಿಸಿ ಬಸ್ಸಿನ ಹೆಡ್‌ಲೈಟಿನ ಸುತ್ತಲೂ.

ಏಪ್ರಿಲ್ 17, ಗುರುವಾರ

ಮತ್ತೆ ಬಳಗದವರು. ಪೂಜೆ ಮುಗಿದು ಲಿಂಗ ಒರೆಸುವಾಗ ಕಣ್ಣು ತುಂಬಿ ಏನೂ ಕಾಣದೆ, ತಟ್ಟೆಯ ಬಟ್ಟೆಯ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅತ್ತೆಯೂ ಫೋನು ಬಂತೆಂದು ತಮ್ಮದನ್ನು ಪಕ್ಕದಲ್ಲೇ ಇಟ್ಟು ಎದ್ದರು. ಒರೆಸಿ ಕಟ್ಟಿಕೊಂಡು ಅಂಗಡಿಗೆ ಹೋದೆ.

ಡೈರಿಯವರು ಗೆರೆಗಳನ್ನು ಸರಿಯಾಗಿ ಹಾಕಿಲ್ಲ, ಅಕ್ಷರ ಒಂದರ ಮೇಲೊಂದು ಹತ್ತುತ್ತಿದೆ. ದೊಡ್ಡದಾಗಿ ಬರೆಯಬೇಕು.

ಏಪ್ರಿಲ್ 18, ಶುಕ್ರವಾರ

ಲಿಂಗ ಅಂಗೈಯಲ್ಲಿ ಭಾರವಾಗಿದೆ. ಫೋನಿನಲ್ಲಿ ಸತ್ಯಭಾಮಾಗೆ ಹೇಳಿದೆ. ತುಂಬ ಒಳ್ಳೆ ಲಕ್ಷಣವಂತೆ.

ಏಪ್ರಿಲ್ 19, ಶನಿವಾರ

ಇಂಜೆಕ್ಷನ್. ಸೂಜಿಯ ತುದಿ ಕಾಣಲಿಲ್ಲ. ಅಂದಾಜಿನಲ್ಲಿ ಚುಚ್ಚಿಕೊಂಡೆ.

ಏಪ್ರಿಲ್ 20, ಭಾನುವಾರ

ಇದು ನನ್ನ ಲಿಂಗವಲ್ಲ.

ಪೂಜೆಯಲ್ಲಿ ಕಣ್ಣು ಬಿಡಲಾರದೆ ಮುಚ್ಚಿಕೊಂಡು ಕೂತಿದ್ದೆ. ಕಣ್ಣು ಮುಚ್ಚಿದ ಮೇಲೆ ಅಂಗೈಗೆ ತಿಳಿಯಿತು. ನನ್ನದು ಪೂರ್ತಿ ನುಣುಪು. ಇದರ ಬುಡದಲ್ಲಿ, ಹೆಬ್ಬೆರಳು ಬರುವ ಕಡೆ, ಒಂದು ಸಣ್ಣ ತಗ್ಗಿದೆ. ತೂಕ ಹೆಚ್ಚಿರುವುದು ಸಾಧನೆಯಿಂದಲ್ಲ. ಇದು ಅತ್ತೆಯದು. ಗುರುವಾರ ತಟ್ಟೆಯಿಂದ ಅವರದನ್ನು ನಾನು ಎತ್ತಿಕೊಂಡಿದ್ದೇನೆ, ನನ್ನದು ಅವರ ಕೊರಳಲ್ಲಿದೆ.

ದೀಕ್ಷೆಯಲ್ಲಿ ಗುರು ಕೊಟ್ಟ ಲಿಂಗ ಸಾಯುವವರೆಗೂ ಮೈಯಿಂದ ಅಗಲಬಾರದು, ಇನ್ನೊಬ್ಬರ ಕೈಗೆ ಹೋಗಬಾರದು. ಅತ್ತೆ ಆಪರೇಷನ್‌ಗೆ ಹೋದಾಗಲೂ ಡಾಕ್ಟರ ಜೊತೆ ಜಗಳ ಮಾಡಿ ಮುಂಗೈಗೆ ಕಟ್ಟಿಸಿಕೊಂಡವರು. ಬಟ್ಟೆ ಬದಲಾದರೆ ಗಿರಾಕಿ ವಾಪಸು ತರುತ್ತಾರೆ, ಬೇರೆ ಕೊಡುತ್ತೇನೆ. ಇದನ್ನು ಯಾವ ಬಾಯಲ್ಲಿ ಹೇಳಲಿ? ನನ್ನದು ಅಷ್ಟು ವರ್ಷ ಮುಟ್ಟದೆ ದೂರವಿಟ್ಟವರ ಎದೆಯ ಮೇಲೆ ಕೂತಿದೆ. ಗೊತ್ತಾದರೆ ಯುಗಾದಿಯಂದು ಚಾಚಿದ ಕೈ ಮತ್ತೆ ಮೇಜು ತೋರಿಸುತ್ತದೆ.

ನಾಳೆ ಪೂಜೆಯಲ್ಲಿ ಹೇಗಾದರೂ ಗೊತ್ತಾಗದಂತೆ ಬದಲಾಯಿಸಬೇಕು.

ಏಪ್ರಿಲ್ 21, ಸೋಮವಾರ

ಬದಲಾಯಿಸಲು ಆಗಲಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಅಕ್ಷರ ಹೇಗೆ ಬಂದರೂ ಬರಲಿ.

ಇವರು ಆಫೀಸಿಗೆ ಹೋಗಿದ್ದರು. ಪೂಜೆ ಮುಗಿದು ಅತ್ತೆ ತಟ್ಟೆಯ ಮೇಲೆ ಲಿಂಗವಿಟ್ಟು ಕೈ ಒರೆಸಿಕೊಳ್ಳುವಾಗ ನಾನೂ ನನ್ನ ಕೈಯಲ್ಲಿದ್ದುದನ್ನು ಪಕ್ಕದಲ್ಲಿಟ್ಟು, ಅವರದರ ಕಡೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಬಿಡು. ನಂಗೆ ಗೊತ್ತು. ಅವತ್ತೇ ಗೊತ್ತಾಯ್ತು."

"ಗೊತ್ತಾದ್ರೆ ಹೇಳ್ಬಾರ್ದಿತ್ತಾ ಅತ್ತೆ?"

"ಏನಂತ ಹೇಳ್ಲಿ? ಹೇಳೋಕೆ ಮುಖ ಎಲ್ಲಿತ್ತು? ಮದ್ವೆಯಾಗಿ ಬಂದಾಗಿಂದ ನಿನ್ನ ಕೈಯಿಂದ ಒಂದು ಲೋಟ ನೀರು ಈಸ್ಕೊಳ್ಲಿಲ್ಲ ನಾನು. ಆ ಕೈಯಲ್ಲಿದ್ದ ಲಿಂಗಾನೇ ನನ್ನ ಕೊರಳಿಗೆ ಕಟ್ಟಿದೀಯ, ಕಟ್ಕೊಂಡು ಓಡಾಡು ಮುದುಕಿ ಅಂತ. ಬೇಕಂತ್ಲೇ ಮಾಡಿದೀಯ, ಸರಿಯಾಗೇ ಮಾಡಿದೀಯ ಅಂದ್ಕೊಂಡು ಸುಮ್ನೆ ಕಟ್ಕೊಂಡಿದ್ದೆ."

ನಾಲ್ಕು ದಿನ ಅವರು ನನ್ನ ಲಿಂಗ ಕಟ್ಟಿಕೊಂಡು, ನನ್ನ ಲಿಂಗಕ್ಕೆ ನೀರೆರೆದು, ನನ್ನ ಲಿಂಗಕ್ಕೆ ಕೈ ಮುಗಿದಿದ್ದಾರೆ. ತೋಚಿದ್ದನ್ನು ಕೇಳಿದೆ.

"ಮತ್ತೆ ಭಕ್ತಿ, ಭಕ್ತಿ ಅಂತ ಊರಿಗೆಲ್ಲ ಹೇಳಿದ್ರಿ?"

ಅತ್ತೆ ತಲೆ ತಗ್ಗಿಸಿ ವಿಭೂತಿ ಗಟ್ಟಿಯನ್ನು ಉಗುರಿನಿಂದ ಕೆರೆಯುತ್ತ ಕೂತರು. "ನಿನ್ನ ಕೈ ವಾಸಿಯಾಯ್ತು. ಹಳೇದೆಲ್ಲ ನೆನಪಾಗಿ ನನ್ನ ಪಕ್ಕದಲ್ಲಿ ಕೂತು ಅಳ್ತಿದೀಯ ಅಂದ್ಕೊಂಡೆ. ದಿನಾ ಅಳ್ತೀಯ, ಉರಿ ಅಂತೀಯ. ಸೊಸೆ ನನ್ನಿಂದ ಅಳ್ತಾಳೆ ಅನ್ನೋದಕ್ಕಿಂತ ಶಿವನಿಂದ ಅಳ್ತಾಳೆ ಅನ್ನೋದು ಮೇಲಲ್ವಾ?"

"ನಾನು ಅಳ್ತಾನೇ ಇರ್ಲಿಲ್ಲ ಅತ್ತೆ."

"ಹ್ಞಾಂ?"

"ಆ ಇಂಜೆಕ್ಷನ್ನಿಂದ ಕಣ್ಣು ಕೆಟ್ಟಿದೆ. ನೀರು ಅದಕ್ಕೇ ಬರ್ತಿರೋದು. ನಿಮ್ಮ ಲಿಂಗ ಬೇಕಂತ ತಗೊಳ್ಲಿಲ್ಲ. ನಂಗೆ ಸರಿಯಾಗಿ ಕಣ್ಣು ಕಾಣ್ತಿಲ್ಲ."

ಹೇಳಿದ ಮೇಲೆ ನನಗೇ ಮೊದಲ ಸಲ ಅದು ಕೇಳಿಸಿತು. ಅತ್ತೆ ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಬೆಳಕು ಚುಚ್ಚಿತು. ಅವರ ಮುಖ ನನಗೆ ಮಬ್ಬು ಮಬ್ಬು. ಇಷ್ಟು ಹತ್ತಿರದಿಂದ ಅವರು ನನ್ನ ಮುಖ ಎಂದೂ ಹಿಡಿದಿರಲಿಲ್ಲ.

"ಅಯ್ಯೋ ಶಿವನೇ," ಎಂದರು. "ಡಾಕ್ಟ್ರು ಇವತ್ತು ಇರ್ತಾರಾ?"

"ಬೇಡ ಅತ್ತೆ. ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸ್ತಾರೆ. ಮತ್ತೆ ಅದೇ ಕೆರೆತ, ಅದೇ ಕೈ."

"ಬಂದ್ರೆ ಬರ್ಲಿ. ಆ ಕೈಯಲ್ಲೇ ಕೊಡು, ತಿಂತೀನಿ."

ಇಷ್ಟು ಸುಲಭದ ಮಾತನ್ನು ಹೇಳಲು ಇಷ್ಟು ವರ್ಷ ಬೇಕಾಯಿತಾ ಎಂದು ಕಿರುಚಬೇಕೆನಿಸಿತು. ಆದರೆ ಅವರು ಆಗಲೇ ಎದ್ದು, ನನ್ನ ಲಿಂಗವನ್ನು ನನ್ನ ಕೈಗಿಟ್ಟು, ತಮ್ಮದನ್ನು ಕಟ್ಟಿಕೊಂಡು, ಚಪ್ಪಲಿ ಹುಡುಕುತ್ತಿದ್ದರು. ಬಾಗಿಲಲ್ಲಿ ನಿಂತು, "ಮಠದ ಅಯ್ಯನೋರಿಗೆ ಇದನ್ನ ಹೇಳೋದು ಬೇಡ. ಕೇಳಿದ್ರೆ ದೊಡ್ಡ ರಾಮಾಯಣ ಆಗತ್ತೆ," ಎಂದರು.

ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದರು. ಕಾಣದವಳು ಬೀಳುತ್ತಾಳೆಂದಿರಬೇಕು.

ಏಪ್ರಿಲ್ 22, ಮಂಗಳವಾರ

ಅತ್ತೆ ಡಾ. ಶ್ರೀದೇವಿಯವರ ಮುಂದೆ ನನಗಿಂತ ಮೊದಲೇ ಎಲ್ಲವನ್ನೂ ಹೇಳಿದರು, ಫಸ್ಟ್ ಕ್ಲಾಸ್ ಎಂದದ್ದನ್ನೂ ಬಿಡಲಿಲ್ಲ. ಡಾಕ್ಟರು ನಿನ್ನೆಯೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಗದ್ದ ಇಡುವ ಮಷೀನು, ಹಳದಿ ನೀರು, ನೀಲಿ ಬೆಳಕು. ಕಣ್ಣಿನ ಮೇಲ್ಪದರದಲ್ಲಿ ಗೀರುಗಳು ಬಿದ್ದಿವೆಯಂತೆ, ರೆಪ್ಪೆಯ ಬುಡ ಪೂರ್ತಿ ಊದಿದೆಯಂತೆ. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ದೃಷ್ಟಿಗೇ ಸಂಚಕಾರ.

"ಇಂಜೆಕ್ಷನ್ ನಿಲ್ಲಿಸ್ತೀರಾ?" ಎಂದೆ.

"ಯಾಕೆ ನಿಲ್ಲಿಸ್ಬೇಕು?" ಎಂದರು ಶ್ರೀದೇವಿ ಇವತ್ತು ಫೋನಿನಲ್ಲಿ. "ಡ್ರಾಪ್ಸ್ ಇದೆ, ಆಯಿಂಟ್‌ಮೆಂಟ್ ಇದೆ. ಅದಕ್ಕೂ ಬಗ್ಗದೇ ಇದ್ರೆ ಆಮೇಲೆ ಯೋಚ್ನೆ ಮಾಡೋಣ. ಶುರುವಾದಾಗ್ಲೇ ಹೇಳಿದ್ದಿದ್ರೆ ಇಷ್ಟು ದೂರ ಬರ್ತಾನೇ ಇರ್ಲಿಲ್ಲ. ಯಾಕೆ ಮುಚ್ಚಿಟ್ರಿ ಮೇಡಂ?"

ನಾನು ಅದಕ್ಕೆ ಉತ್ತರ ಕೊಡಲು ಹೋದರೆ ಬೇವು ಬೆಲ್ಲದಿಂದ ಶುರು ಮಾಡಬೇಕಿತ್ತು. ಸಾರಿ ಡಾಕ್ಟ್ರೇ ಎಂದೆ.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಡ್ರಾಪ್ಸು ಒಳ್ಳೆಯ ಕೆಲಸ ಮಾಡಿದೆ. ಉರಿ ಇಲ್ಲ, ಉಂಗುರ ಇಲ್ಲ, ನೀರು ಇಲ್ಲ. ಅಕ್ಷರ ಗೆರೆಯ ಮೇಲೆ ಕೂರುತ್ತಿದೆ. ಡೈರಿಯವರ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ದೆ. ಡೈ ಕಂಪನಿಯವರ ಮೇಲೂ.

ಆದರೆ ಬ್ಯಾನರ್ ಆಗಲೇ ಹಾಕಿಯಾಗಿತ್ತು. ಬರುವುದಿಲ್ಲ ಎಂದರೆ ಸತ್ಯಭಾಮಾ ಕೇಳಲಿಲ್ಲ. ಕಣ್ಣಿನ ಕಾಯಿಲೆ ಎಂದು ಹೇಳಿದೆ, ಅದನ್ನೂ ವಿನಯದ ಖಾತೆಗೆ ಜಮಾ ಮಾಡಿಕೊಂಡರು. ಸಮುದಾಯ ಭವನ ತುಂಬಿತ್ತು. ಲಿಂಗವನ್ನು ಕಂಡೊಡನೆ ಕಣ್ಣೀರು ಹರಿಸುವ ಶರಣೆ ಎಂದು ಮೈಕಿನಲ್ಲಿ ಹೇಳಿ ನನ್ನನ್ನು ಕೂರಿಸಿದರು. ನೀರೆರೆದೆ, ವಿಭೂತಿ ಹಚ್ಚಿದೆ, ದೀಪ ನೋಡಿದೆ. ಒಂದೇ ದೀಪ, ಚೊಕ್ಕವಾಗಿ ಕಾಣುತ್ತಿತ್ತು. ಕೆಳಗೆ ಎಲ್ಲರೂ ಮೊಬೈಲ್ ಎತ್ತಿ ಹಿಡಿದು ಕಾದರು. ಕಣ್ಣು ಒಣಗಿದ ಕೊಬ್ಬರಿ.

ಸತ್ಯಭಾಮಾ ಬಗ್ಗಿ ಕಿವಿಯಲ್ಲಿ, "ಅಕ್ಕ, ಸ್ವಲ್ಪ ಟ್ರೈ ಮಾಡಿ," ಎಂದರು.

ಒಬ್ಬೊಬ್ಬರೇ ಮೊಬೈಲ್ ಇಳಿಸತೊಡಗಿದರು. ಆಗ ಮೊದಲ ಸಾಲಿನಿಂದ ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ನನ್ನ ಮುಂದೆ ಕೂತು, ಎಲ್ಲರಿಗೂ ಕೇಳುವ ಹಾಗೆ, "ಪ್ರಸಾದ ಕೊಡಮ್ಮ," ಎಂದು ಎರಡು ಕೈ ಚಾಚಿದರು. ಕೊಟ್ಟೆ. ಅಲ್ಲೇ ತಿಂದರು. ಜನಕ್ಕೆ ಅದರಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ, ಊಟದ ಹಾಲಿನ ಕಡೆ ಎದ್ದರು.

ಶಾಲು, ಹಣ್ಣಿನ ಬುಟ್ಟಿ ಸಿಕ್ಕಿತು. ಬಾಗಿಲಲ್ಲಿ ನಾರಾಯಣಮ್ಮ ಕಾಯುತ್ತಿದ್ದರು. ನನ್ನ ಕಣ್ಣನ್ನು ಹತ್ತಿರದಿಂದ ನೋಡಿ, "ಸದ್ಯ, ಗಂಡ ಸರಿಹೋದ," ಎಂದರು. ಹಣ್ಣಿನ ಬುಟ್ಟಿ ಹಿಡಿದು ಹಿಂದೆ ನಿಂತಿದ್ದ ಮಹಾಂತೇಶ್ ಅವರಿಗೆ ತಲೆಬುಡ ಅರ್ಥವಾಗಲಿಲ್ಲ.

ಮೇ 4, ಭಾನುವಾರ

ನಿನ್ನೆ ಇಂಜೆಕ್ಷನ್ ಆಯಿತು. ಇವರು ಈ ಸಲ ಮಲಗದೆ, ಪಕ್ಕದ ರೂಮಿನಿಂದಲೇ ಧೈರ್ಯ ಹೇಳಿದರು. ಆರು ಬ್ಲೌಸ್ ಪೀಸಿನವರಿಗೂ ಸರಿಯಾದ ಬಣ್ಣ ಕೊಟ್ಟು ಕಳಿಸಿದೆ.

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಅಡಿಗೆಮನೆಯಲ್ಲೇ ಮಣೆ ಹಾಕಿಕೊಂಡು ಊಟಕ್ಕೆ ಕೂತರು. ಹಂಚಿನಿಂದ ಚಿಮ್ಮಟದಲ್ಲಿ ರೊಟ್ಟಿ ಎತ್ತಿ ತಟ್ಟೆಗೆ ಹಾಕಲು ಹೋದರೆ, "ಅದ್ಯಾಕೆ, ಕೈಯಲ್ಲೇ ಮುರಿದು ಹಾಕು. ಬಿಸಿ ತಡ್ಕೊಳತ್ತಲ್ಲ ಈಗ," ಎಂದರು. ಮುರಿದು ಹಾಕಿದೆ. ಬೆಣ್ಣೆಯನ್ನೂ ಬೆರಳಲ್ಲೇ ಹಚ್ಚಿದೆ. ಅವರು ತಿಂದು, ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದರು. ಉಪ್ಪು ಕಡಿಮೆಯಾಗಿದೆಯಂತೆ.

ಎರಡನೇ ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು ಬಂತು, ಹಿಟ್ಟಿನ ಮೇಲೆ ಬಿತ್ತು. ಈರುಳ್ಳಿ ಹೆಚ್ಚಿರಲಿಲ್ಲ. ಡ್ರಾಪ್ಸು ಬೆಳಿಗ್ಗೆಯೇ ಹಾಕಿಯಾಗಿತ್ತು. ಕನ್ನಡಿಯಲ್ಲಿ ನೋಡಿದೆ, ಕೆಂಪಿಲ್ಲ, ಬಾವಿಲ್ಲ, ಉರಿಯೂ ಇಲ್ಲ.

ಈ ಸಲ ಮುಚ್ಚಿಡುವುದಿಲ್ಲ. ನಾಳೆ ಫೋನು ಮಾಡಿ ಡಾಕ್ಟರಿಗೆ ಹೇಳಬೇಕು.